ಎರಡು ಹೆಚ್ಚುವರಿ ಹಾಸಿಗೆ

ಫೆಬ್ರವರಿ ೧೬, ಭಾನುವಾರ

ಗೋಡೆ ಗಡಿಯಾರ, ಅರ್ಧ ಖಾಲಿಯಾದ ಕಾಫಿ ಲೋಟ ಮತ್ತು ಕಿಟಕಿಯ ಮೇಲಿನ ಒಂದು ಹಲ್ಲಿ, ಈ ಮೂವರ ಸಮಕ್ಷಮದಲ್ಲಿ, ಸ್ವಸ್ಥ ಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುತ್ತಿದ್ದೇನೆ: ಇಂದು ಬೆಳಿಗ್ಗೆ ಹತ್ತೂಕಾಲಿಗೆ ನಾನೊಂದು ಅಪರಾಧ ಮಾಡಿದೆ. ಆಯುಧ, ನೀಲಿ ಪೆನ್ನು. ಸ್ಥಳ, ಊಟದ ಮೇಜು. ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ಪ್ರವಾಸಿ ಹಡಗಿನ ಕಂಪನಿಯವರು ಕಳಿಸಿದ ಫಾರಂನಲ್ಲಿ ‘ಹೆಚ್ಚುವರಿ ಹಾಸಿಗೆ ಬೇಕೆ? ಎಷ್ಟು?’ ಎಂದು ಕೇಳಿದ್ದ ಚೌಕದೊಳಗೆ, ಅವಳನ್ನು ಒಂದು ಮಾತು ಕೇಳದೆ, ‘ಎರಡು’ ಎಂದು ಬರೆದೆ. ಕೆಳಗೆ ಅಪ್ಪನ ಹೆಸರು, ಸೋದರತ್ತೆಯ ಹೆಸರು. ಅವಳು ತಲೆ ಒರೆಸಿಕೊಳ್ಳುತ್ತ ಹೊರಗೆ ಬರುವಷ್ಟರಲ್ಲಿ ಫಾರಂ ಅಂಚೆ ಡಬ್ಬಿಯ ಹೊಟ್ಟೆಯಲ್ಲಿತ್ತು.

ಈ ಪ್ರವಾಸ ನನ್ನದಲ್ಲ, ಅವಳದು. ಆಸ್ಪತ್ರೆಯಲ್ಲಿ ಇಪ್ಪತ್ತೈದು ವರ್ಷ ನರ್ಸಾಗಿ ದುಡಿದದ್ದಕ್ಕೆ ಕೊಟ್ಟ ಉಡುಗೊರೆ: ಎಂಟು ದಿನ, ಇಬ್ಬರಿಗೊಂದು ಕೋಣೆ. ಇಡೀ ಊರು ನನ್ನ ಹೆಂಡತಿಯನ್ನು ‘ಸಿಸ್ಟರ್’ ಎನ್ನುತ್ತದೆ. ಹಾಗೆ ಕರೆಯುವ ಭಾಗ್ಯವಿಲ್ಲದ ಪಾಪಿ ನಾನೊಬ್ಬನೇ. ಉಡುಗೊರೆ ಕೈಗೆ ಬಂದ ದಿನ ಅವಳು ಹೇಳಿದ್ದು ಇಷ್ಟೆ: “ಎಂಟು ದಿನ ನನ್ನನ್ನ ಯಾರೂ ಎಬ್ಬಿಸಬಾರದು ರೀ. ಗಂಟೆ ಹೊಡೀಬಾರದು, ಸಿಸ್ಟರ್ ಅನ್ನಬಾರದು. ಹೊಟ್ಟೆ ತುಂಬ ನಿದ್ದೆ ಮಾಡ್ತೀನಿ. ಆಮೇಲೆ ನಿಮ್ಮ ಹತ್ರ ಒಂದು ಮಾತಾಡ್ಬೇಕು.”

ಮಾತೇನಿರಬಹುದು ಎಂದು ಊಹಿಸಲು ಕಾಲೇಜು ಗ್ರಂಥಪಾಲಕನಾಗಿರಬೇಕಿಲ್ಲ. ಹೋದ ವಾರ ಅವಳಿಗೊಂದು ಕಾಗದ ಬಂದಿದೆ, ಇಲ್ಲಿಂದ ಏಳು ಗಂಟೆ ದೂರದ ಊರಿನ ದೊಡ್ಡ ಆಸ್ಪತ್ರೆಯಿಂದ. ಕೆಲಸಕ್ಕೆ ಕರೆದಿರಬಹುದು. ಕರೆಯದೆಯೂ ಇರಬಹುದು. ಮೂವತ್ತು ವರ್ಷ ಪುಸ್ತಕ ಕಾಯ್ದ ನಾನು ಪರರ ಕಾಗದವನ್ನು ಓದುವವನಲ್ಲ.

ಹಾಸಿಗೆಯ ವಿಷಯಕ್ಕೆ ಬಂದರೆ, ನನ್ನ ಪರವಾಗಿ ನಾನೇ ವಾದಿಸುವುದು ಹೃದಯವೈಶಾಲ್ಯ ಒಂದನ್ನೇ. ಎಪ್ಪತ್ತೊಂಬತ್ತರ ಅಪ್ಪ, ಎಪ್ಪತ್ತಮೂರರ ಸೋದರತ್ತೆ, ಇಬ್ಬರೂ ಊರಿನ ಹಳೆಯ ಮನೆಯಲ್ಲಿ. ಸಾಯುವುದರೊಳಗೆ ಸಮುದ್ರ ನೋಡಬೇಕೆಂದು ಇಬ್ಬರಿಗೂ ಆಸೆ. ಇಬ್ಬರ ಕೋಣೆಯಲ್ಲಿ ನಾಲ್ವರಿಗೆ ಜಾಗ ಮಾಡಲು ಕೋಣೆ ದೊಡ್ಡದಿರಬೇಕಿಲ್ಲ, ಮನಸ್ಸು ದೊಡ್ಡದಿರಬೇಕು. ನನ್ನದು ದೊಡ್ಡದು. ಏನು ಮಾಡಲಿ, ಹುಟ್ಟುಗುಣ.

ಫೆಬ್ರವರಿ ೨೦, ಗುರುವಾರ

ಹೇಳಿದೆ. ಅವಳು ಪಾಳಿ ಮುಗಿಸಿ ಬಂದು ಶೂ ಬಿಚ್ಚುತ್ತಿದ್ದಳು. ಒಂದು ಶೂ ಕೈಯಲ್ಲೇ ಹಿಡಿದು ನನ್ನ ಮುಖವನ್ನು ಥರ್ಮಾಮೀಟರ್ ನೋಡುವ ಹಾಗೆ ನೋಡಿದಳು. ಪಾದರಸ ಎಲ್ಲಿಯವರೆಗೆ ಏರಿತೋ ಗೊತ್ತಿಲ್ಲ.

“ಸರಿ,” ಎಂದಳು.

ಕೂಗಾಡಿದ್ದರೆ ನನ್ನ ಹತ್ತಿರ ಒಂಬತ್ತು ಉತ್ತರಗಳಿದ್ದವು. ‘ಸರಿ’ಗೆ ಒಂದೂ ಇರಲಿಲ್ಲ.

ಮಾರ್ಚ್ ೨, ಭಾನುವಾರ. ಹಡಗು

ನಮ್ಮ ಮನೆಯಲ್ಲಿ ಹೆಚ್ಚುವರಿ ಹಾಸಿಗೆ ಎಂದರೆ ಕಪಾಟಿನ ತಲೆಯ ಮೇಲೆ ಸುರುಳಿ ಸುತ್ತಿಟ್ಟಿದ್ದು. ನೆಂಟರು ಬಂದಾಗ ಇಳಿಸಿ, ನೆಲಕ್ಕೆ ಎಸೆದು, ಕಾಲಿನಿಂದ ಒದ್ದು ಬಿಡಿಸಿದರೆ ಆತಿಥ್ಯ ಮುಗಿಯಿತು. ಕೆಳಗೆ ನಾನೂ ಅಪ್ಪನೂ, ಮಂಚಗಳ ಮೇಲೆ ಅವಳೂ ಸೋದರತ್ತೆಯೂ ಎಂಬುದು ನನ್ನ ಯೋಜನೆಯಾಗಿತ್ತು. ಲೋಕದಲ್ಲೆಲ್ಲ ಹೆಚ್ಚುವರಿ ಹಾಸಿಗೆ ನೆಲದ ಮೇಲೇ ಬೆಳೆಯುತ್ತದೆ ಎಂದುಕೊಂಡಿದ್ದೆ.

ಹಡಗಿನಲ್ಲಿ ಅದು ಚಾವಣಿಯಲ್ಲಿ ಬೆಳೆಯುತ್ತದೆ.

ಕೋಣೆ ಆರು ಹೆಜ್ಜೆ ಉದ್ದ, ನಾಲ್ಕು ಹೆಜ್ಜೆ ಅಗಲ. ಎರಡು ಮಂಚ, ಒಂದು ಕನ್ನಡಿ, ಮುಚ್ಚಿದ ದುಂಡು ಕಿಟಕಿ. ಕೋಣೆ ನೋಡಿಕೊಳ್ಳುವವರು ಐವತ್ತು ದಾಟಿದ ದಪ್ಪ ಮೀಸೆಯ ಮನುಷ್ಯ, ಹೆಗಲ ಮೇಲೆ ಏಣಿ ಹೊತ್ತು ಬಂದರು. ಇವರಿಗೆ ಏಣಿರಾಯರು ಎಂದು ಅಲ್ಲಿಯೇ ನಾಮಕರಣ ಮಾಡಿದೆ. ಅವರು ಜೇಬಿನಿಂದ ಒಂದು ಚೌಕದ ಕೀಲಿ ತೆಗೆದು ಚಾವಣಿಗೆ ಚುಚ್ಚಿ ತಿರುಗಿಸಿದರು. ಟಕ್ ಎಂದು ಚಾವಣಿ ಬಾಯಿ ಬಿಟ್ಟು, ದಿಂಬು ಹೊದಿಕೆ ಸಮೇತ ಒಂದು ಹಾಸಿಗೆ ಕೆಳಗಿಳಿಯಿತು. ಎದುರು ಗೋಡೆಯ ಮೇಲಿಂದ ಇನ್ನೊಂದು.

“ನೆಲದ ಮೇಲೆ ಹಾಸೋಕಾಗಲ್ವಾ?” ಎಂದೆ.

“ಇಲ್ಲ ಸಾರ್. ಅಪಾಯದ ಗಂಟೆ ಹೊಡೆದ್ರೆ ನಾಲ್ಕೂ ಜನ ಬಾಗಿಲಿಗೆ ಓಡಬೇಕು. ನೆಲದ ಮೇಲೆ ಯಾರಾದ್ರೂ ಮಲಗಿದ್ರೆ ಅವರನ್ನ ತುಳ್ಕೊಂಡು ಓಡ್ತಾರೆ.”

“ಮನೇಲೂ ಹಂಗೇ ಓಡಾಡ್ತಾರೆ.”

ಅವರು ನಗಲಿಲ್ಲ. ಕಾಗದ ತೆಗೆದು ನೋಡಿ ಕೇಳಿದರು: “ಆಸ್ಪತ್ರೆಯಿಂದ ಬಂದ ಮೊದಲ ಕಾಗದದಲ್ಲಿ ಎರಡು ಮಂಚ ಜೋಡಿಸಿಡಿ ಅಂತ ಮೇಡಂ ಬರೆದಿದ್ರು. ಆಮೇಲೆ ನಿಮ್ಮ ಫಾರಂ ಬಂತು. ಈಗ ಏನ್ ಮಾಡ್ಲಿ? ಜೋಡಿಸಲಾ, ಬೇರೆ ಇಡಲಾ?”

ಜೋಡಿಸಿಡಿ ಎಂದು ಬರೆದಿದ್ದಳು. ನನಗೆ ಗೊತ್ತಿರಲಿಲ್ಲ. ಅವಳ ಕಡೆ ನೋಡಿದೆ. ಅವಳು ಸೋದರತ್ತೆಯ ಚಪ್ಪಲಿಯ ಪಟ್ಟಿ ಬಿಚ್ಚುವುದರಲ್ಲಿ ಮಗ್ನಳಾಗಿದ್ದಳು.

“ಬೇರೆ,” ಎಂದವರು ಅಪ್ಪ. ಅಪ್ಪ ರೈಲಿನಲ್ಲಿ ಮೂವತ್ತೆಂಟು ವರ್ಷ ಟಿಕೆಟ್ ತಪಾಸಣೆ ಮಾಡಿದವರು. ಎರಡಕ್ಕಿಂತ ಹೆಚ್ಚು ಜನ ಮಲಗುವ ಜಾಗ ಕಂಡರೆ ಅವರ ಕೈ ತಾನಾಗಿ ಕಿವಿಯ ಮೇಲಿನ ಪೆನ್ಸಿಲಿಗೆ ಹೋಗುತ್ತದೆ. “ಕೆಳಗಿನ ಬರ್ತು ಹಿರಿಯರಿಗೆ. ಒಂದು ನನಗೆ, ಎರಡು ನನ್ನ ತಂಗಿಗೆ. ಮೂರು, ನಾಲ್ಕು ಮೇಲೆ, ಗಂಡ ಹೆಂಡ್ತಿಗೆ. ನಿಯಮ ನಿಯಮವೇ.”

ಹೀಗೆ, ಉಡುಗೊರೆ ಪಡೆದಾಕೆಯನ್ನು ಮೇಲ್ದರ್ಜೆಗೆ ಏರಿಸಲಾಯಿತು.

ಹಿರಿಯರನ್ನು ತಲೆಯ ಮೇಲಿಟ್ಟುಕೊಳ್ಳಬೇಕು ಅನ್ನುತ್ತಾರೆ. ನಾವು ಹಿರಿಯರ ತಲೆಯ ಮೇಲಿದ್ದೇವೆ. ಏಣಿ ಒಂದೇ.

ಮಾರ್ಚ್ ೩, ಸೋಮವಾರ

ಡೆಕ್ಕಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಸೊಂಟ ನೋವು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ತಿಳಿದವರು. ಚಾಚಿದೆ. ಪಾದ ಹೊರಗುಳಿಯಿತು. ಮೂಗಿಗೂ ಚಾವಣಿಗೂ ಒಂದು ಮೊಳ. ಎದ್ದು ಕೂರುವಂತಿಲ್ಲ. ಕಪಾಟಿನ ಮೇಲರೆಯಲ್ಲಿ ಯಾರೂ ಕೇಳದ ಪುಸ್ತಕಗಳನ್ನು ಮಲಗಿಸಿಡುತ್ತಿದ್ದೆನಲ್ಲ, ಅವುಗಳ ಶಾಪ. ಎದುರಿನ ಅರೆಯಲ್ಲಿ, ನಂಬರ್ ಮೂರರಲ್ಲಿ, ಅವಳು. ಕೆಳಗಿನಿಂದ ಅಪ್ಪನ ಗೊರಕೆ, ಸೋದರತ್ತೆಯ “ಅಣ್ಣಾ, ಮಗ್ಗುಲು ಬದಲಾಯ್ಸು.”

ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಏಣಿರಾಯರು ಕೀಲಿಯೊಂದಿಗೆ ಪ್ರತ್ಯಕ್ಷ. ಹಗಲು ಮೇಲಿನ ಹಾಸಿಗೆ ಮಡಿಸಬೇಕಂತೆ. ಬಿಚ್ಚಿಟ್ಟರೆ ಕೆಳಗಿನವರ ತಲೆಗೆ ತಗಲುತ್ತದೆ. ಅವಳು ಮಲಗಿದ್ದದ್ದು ನಾಲ್ಕು ಗಂಟೆ. ಅಪ್ಪ ಎಲ್ಲೋ ನಿಲ್ದಾಣ ಬಂತೆಂದು ಮೂರು ಸಲ ಎದ್ದಿದ್ದರು. ಅವಳು ಇಳಿದಳು. ಹಾಸಿಗೆ ಚಾವಣಿಗೆ ಹೋಯಿತು. ಅವಳ ನಿದ್ದೆಯೂ ಅದರೊಳಗೇ ಮಡಿಸಿ ಹೋಯಿತು.

ಅಪ್ಪ ಕನ್ನಡಿಗೆ ಒಂದು ಪಟ್ಟಿ ಅಂಟಿಸಿದ್ದಾರೆ. ಬರ್ತ್ ನಂಬರ್, ವಯಸ್ಸು, ಇಳಿಯುವ ಸ್ಥಳ. ಇಳಿಯುವ ಸ್ಥಳ ಎಲ್ಲರಿಗೂ ‘ಮನೆ’.

ಇಡೀ ಹಗಲು ಅವಳು ಡೆಕ್ಕಿನ ಆರಾಮ ಕುರ್ಚಿಯಲ್ಲಿ ಮುಖಕ್ಕೆ ಟವೆಲ್ ಹಾಕಿ ಕುಳಿತಿದ್ದಳು. ಪಕ್ಕದಲ್ಲಿ ನಾನು. ಒಮ್ಮೆ ಟವೆಲಿನ ಒಳಗಿನಿಂದಲೇ, “ರೀ, ನಾನು ಹೇಳಿದ್ನಲ್ಲ, ಒಂದು ಮಾತು,” ಎಂದಳು. ಅಷ್ಟರಲ್ಲಿ ಸೋದರತ್ತೆ ತಿಂಡಿಯ ಸಾಲಿನಿಂದ ಕೂಗಿದರು. ಓಡಿದೆ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು. ಹೆಚ್ಚುವರಿ ಹಾಸಿಗೆಯ ಉಪಯೋಗಗಳು ಒಂದೆರಡಲ್ಲ.

ಮಾರ್ಚ್ ೪, ಮಂಗಳವಾರ

ಕಾಫಿಗೆ ಸಕ್ಕರೆಯೆಂದು ಅವಳ ಕೈ ಉಪ್ಪು ಹಾಕಿತು. ಇಪ್ಪತ್ತೈದು ವರ್ಷ ಸೂಜಿ ಹಿಡಿದ ಕೈ ಅದು.

ಏಣಿರಾಯರನ್ನು ಹಜಾರದಲ್ಲಿ ಹಿಡಿದುಕೊಂಡೆ. “ನಂಬರ್ ಮೂರು ಹಾಸಿಗೆಯನ್ನ ಹಗಲೂ ಇಳಿಸಿಡೋಕಾಗುತ್ತಾ?”

“ಆಗಲ್ಲ ಸಾರ್. ಕೆಳಗೆ ಕೂರೋರು?”

“ಕೆಳಗೆ ಯಾರೂ ಕೂರಲ್ಲ. ಒಂಬತ್ತರಿಂದ ಒಂದರವರೆಗೆ ನಮ್ಮ ಹಿರಿಯರಿಬ್ಬರನ್ನೂ ನಾನು ಹೊರಗೆ ಇಟ್ಕೊಳ್ತೀನಿ.”

“ಒಂದರವರೆಗೆ? ಅಪ್ಪಾವ್ರನ್ನ?” ಅವರಿಗೆ ಅಪ್ಪನ ಪರಿಚಯ ಆಗಲೇ ಆಗಿತ್ತು. ಬೆಳಿಗ್ಗೆ ಅಪ್ಪ ಅವರ ಬಳಿ ‘ಪಾಸ್’ ಕೇಳಿದ್ದರಂತೆ.

“ಹೂಂ.”

ಮೀಸೆಯಡಿ ಏನೋ ಅಲುಗಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಈ ಪೂಜಾರಿ ಕೊಟ್ಟರು. ಬಾಗಿಲಿಗೆ ‘ಎಬ್ಬಿಸಬೇಡಿ’ ಎಂಬ ಚೀಟಿಯನ್ನೂ ತಾವೇ ಸಿಕ್ಕಿಸಿದರು.

ಆಮೇಲಿನ ನಾಲ್ಕು ಗಂಟೆ ಬರೆಯಲು ತ್ರಾಣವಿಲ್ಲ. ಇಬ್ಬರನ್ನು ಹಡಗಿನ ಮೂತಿಯಿಂದ ಬಾಲದವರೆಗೆ ಎರಡು ಸಲ ಮೇಯಿಸಿದೆ. ಅಪ್ಪ ಪ್ರತಿ ಬಾಗಿಲಿಗೂ ನಿಂತು ಇದು ತುರ್ತು ದ್ವಾರವೇ ಎಂದು ವಿಚಾರಿಸಿದರು. ಅಪ್ಪನಿಗೆ ಬಿಸಿಲು ಬೇಕು, ಅತ್ತೆಗೆ ನೆರಳು. ಅತ್ತೆಗೆ ಗಾಳಿ ಬೇಕು, ಅಪ್ಪನಿಗೆ ಮಫ್ಲರ್. ಅವರ ನಡುವೆ ಒಂದು ಕುರ್ಚಿಯನ್ನು ಅರ್ಧ ಬಿಸಿಲಿಗೆ, ಅರ್ಧ ನೆರಳಿಗೆ ಎಳೆದಿಟ್ಟು ನಾನು ನೆಲದ ಮೇಲೆ ಕುಳಿತೆ.

ಒಂದು ಗಂಟೆಗೆ ಕೋಣೆಗೆ ಹೋದಾಗ ಅವಳು ಮಲಗಿಯೇ ಇದ್ದಳು. ಒಳ್ಳೆಯದೇ ಆಯಿತು. ಮಲಗಿದವರು ಮಾತಾಡುವುದಿಲ್ಲ. (ನನ್ನ ಉಪಾಯಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಸೊಂಟ ನೋವಿನಿಂದ ಕೈ ಬೆನ್ನಿಗೆ ತಲುಪಲಿಲ್ಲ.)

ಮಾರ್ಚ್ ೬, ಗುರುವಾರ

ಅಲೆ ಜೋರು. ಸೋದರತ್ತೆಗೆ ಬೆಳಗಿನಿಂದ ವಾಂತಿ.

ಅವಳು ಮೇಲಿನಿಂದ ಇಳಿಯಲು ಏಣಿಗೆ ಕಾಲಿಟ್ಟಿದ್ದಳು, ನಿದ್ದೆಗಣ್ಣಲ್ಲೇ. ಇಪ್ಪತ್ತೈದು ವರ್ಷದ ಅಭ್ಯಾಸ. ಯಾರೋ ಓಕರಿಸಿದರೆ ಕಾಲು ತಾನೇ ಇಳಿಯುತ್ತದೆ.

“ನೀನು ಮಲ್ಕೋ,” ಎಂದೆ.

“ನಿಮಗೆ ಬರಲ್ಲ ರೀ.”

“ಬಕೆಟ್ ಹಿಡಿಯೋಕೆ ಡಿಪ್ಲೊಮಾ ಬೇಕಾ? ಮಲ್ಕೋ.”

ಹಿಡಿದೆ. ಮಧ್ಯಾಹ್ನದವರೆಗೆ ಏಳು ಸಲ. ಬಕೆಟ್ಟನ್ನು ಅರ್ಧಕ್ಕಿಂತ ಹೆಚ್ಚು ತುಂಬಲು ಬಿಡಬಾರದು, ಹಣೆ ಹಿಡಿಯಬೇಕು, ಬೆನ್ನು ಉಜ್ಜಬಾರದು, ಇದೆಲ್ಲ ಮೇಲಿನಿಂದ ಅವಳೇ ಹೇಳಿದಳು. ಆಮೇಲೆ ಹೇಳುವುದು ನಿಂತಿತು. ತಲೆಯೆತ್ತಿ ನೋಡಿದರೆ, ಒಂದು ಕೈ ಹಾಸಿಗೆಯಿಂದ ಕೆಳಗೆ ಜೋತುಬಿದ್ದು, ನಿದ್ದೆ. ಆ ಕೈಯ ಬೆರಳಿಗೂ ನನ್ನ ತಲೆಗೂ ಒಂದು ಗೇಣು.

ಎತ್ತಿ ಒಳಗಿಡೋಣ ಎಂದುಕೊಂಡೆ. ಎಬ್ಬಿಸಿದಂತಾಗುತ್ತದೆ ಎಂದು ಬಿಟ್ಟೆ.

ಶ್ಲೇಷೆ ಒಂದೂ ಹೊಳೆಯಲಿಲ್ಲ ಇವತ್ತು.

ಮಾರ್ಚ್ ೭, ಶುಕ್ರವಾರ

ಸಮುದ್ರ ಸುಮ್ಮನಾಗಿದೆ. ಡೆಕ್ಕಿನ ಮೇಲೆ ಸೋದರತ್ತೆ ಕಂಬಳಿ ಸುತ್ತಿಕೊಂಡು ಮೂಟೆಯ ಹಾಗೆ ಕುಳಿತಿದ್ದರು. ಅಪ್ಪ ಆಚೆ ಯಾರಿಗೋ ಅವರ ಕೋಣೆಯಲ್ಲಿ ಬರ್ತ್ ಹಂಚಿಕೆ ತಪ್ಪಾಗಿದೆಯೆಂದು ವಿವರಿಸುತ್ತಿದ್ದರು. “ಜೋಡಿ ಟಿಕೆಟ್‌ನೋರಿಗೆ ನಾನು ಎದುರುಬದುರು ಕೊಡ್ತಿದ್ದೆ. ಒಂದರ ಕೆಳಗೊಂದು ಕೊಟ್ರೆ ಒಬ್ಬರ ಮುಖ ಒಬ್ಬರಿಗೆ ಕಾಣಲ್ಲ ನೋಡಿ.”

ಸೋದರತ್ತೆ ಬಿಸಿನೀರು ಕುಡಿದು, ಲೋಟವನ್ನು ನನ್ನ ಕೈಗೆ ಕೊಟ್ಟು, “ಅಲ್ವೋ, ನನ್ನನ್ನ ಯಾಕೆ ಕರ್ಕೊಂಡು ಬಂದೆ?” ಎಂದರು.

“ಸಮುದ್ರ ನೋಡ್ಲಿ ಅಂತ ಅತ್ತೆ.”

“ನೋಡ್ದೆ. ನಿನ್ನೆ ಅದೂ ನನ್ನ ಒಳಗಿದ್ದದ್ದನ್ನೆಲ್ಲ ನೋಡ್ತು. ಈಗ ನಿಜ ಹೇಳು.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ಲೋಟವನ್ನು ಕೈಯಲ್ಲಿ ತಿರುಗಿಸುತ್ತ ಕುಳಿತೆ.

“ನನ್ನ ಗಂಡನೂ ಹೀಗೇ ಇದ್ದ,” ಎಂದರು. “ನಾನು ಏನಾದ್ರೂ ಹೇಳೋಕೆ ಬಾಯಿ ತೆಗೆದ್ರೆ ಮನೆಗೆ ಯಾರನ್ನಾದ್ರೂ ಊಟಕ್ಕೆ ಕರೀತಿದ್ದ. ಇಪ್ಪತ್ತು ವರ್ಷ ಬಡಿಸಿದ್ದೇ ಬಡಿಸಿದ್ದು. ಮಾತಾಡೋಕೆ ಕೂತಾಗ ಅವನೇ ಇರಲಿಲ್ಲ. ಕೇಳು, ಗಂಡ ಹೆಂಡ್ತಿ ನಡುವೆ ಇಡೋ ದಿಂಬಲ್ಲ ನಾನು. ನಿಮ್ಮಪ್ಪನಂತೂ ದಿಂಬಾಗೋಕೂ ಲಾಯಕ್ಕಿಲ್ಲ, ಗೊರಕೆ ಹೊಡೀತಾನೆ.”

“ಅವಳು ಮಲಗಿದಾಳೆ ಅತ್ತೆ. ಎಬ್ಬಿಸಬಾರದು.”

“ಆ ನೆಪ ನಾಳೆಗೆ ಬೇಡ. ನಾಳೆ ಹಡಗು ದಡಕ್ಕೆ ನಿಲ್ಲುತ್ತಂತೆ. ನಿಮ್ಮಪ್ಪನನ್ನ ನಾನು ಇಳಿಸ್ಕೊಂಡು ಹೋಗ್ತೀನಿ. ಸಂಜೆವರೆಗೆ ಬರಲ್ಲ. ಏಣಿ ನಿನ್ನ ಹತ್ರ ಇರುತ್ತೆ.”

ಹನ್ನೆರಡನೆಯ ತಾರೀಕಿನೊಳಗೆ ಆ ಆಸ್ಪತ್ರೆಗೆ ಉತ್ತರ ಕೊಡಬೇಕು. ಅದಕ್ಕೆ ಇನ್ನು ಐದು ದಿನ.

ಮಾರ್ಚ್ ೮, ಶನಿವಾರ

ಹಿರಿಯರು ಒಂಬತ್ತಕ್ಕೆ ಇಳಿದು ಹೋದರು. ಅಪ್ಪ ಇಳಿಯುವ ಮುನ್ನ ಪಟ್ಟಿಯಲ್ಲಿ ಒಂದು, ಎರಡು ನಂಬರುಗಳ ಮುಂದೆ ‘ತಾತ್ಕಾಲಿಕವಾಗಿ ಖಾಲಿ’ ಎಂದು ಬರೆದು ಸಹಿ ಹಾಕಿದರು.

ನಾನು ಹಜಾರದಲ್ಲಿ ನಿಂತೆ. ಹಡಗಿನ ಗ್ರಂಥಾಲಯಕ್ಕೆ ಹೋಗಿ ನಲವತ್ತು ಪುಸ್ತಕಗಳನ್ನು ವಿಷಯವಾರು ಜೋಡಿಸಿದೆ, ಯಾರೂ ಹೇಳದಿದ್ದರೂ. ವಾಪಸು ಬಂದೆ. ಬಾಗಿಲಲ್ಲಿ ಏಣಿರಾಯರು ಟವೆಲುಗಳ ಗಾಡಿ ತಳ್ಳುತ್ತಿದ್ದರು. ಗಡಿಯಾರ ನೋಡಿ, ನನ್ನ ನೋಡಿ, ಬೇರೆ ಕೋಣೆಗೆ ಹೋದರು.

ಹನ್ನೊಂದೂವರೆ. ಏಣಿಯನ್ನು ನಂಬರ್ ಮೂರಕ್ಕೆ ಒರಗಿಸಿ ಮೂರು ಮೆಟ್ಟಿಲು ಹತ್ತಿದೆ. ನನ್ನ ಗದ್ದ ಅವಳ ಹಾಸಿಗೆಯ ಅಂಚಿಗೆ ಬಂತು. ಅವಳು ಈ ಕಡೆಗೇ ತಿರುಗಿ ಮಲಗಿದ್ದಳು, ಕಣ್ಣು ಬಿಟ್ಟುಕೊಂಡು.

“ಎದ್ದಿದ್ದೀಯಾ?”

“ಅತ್ತೆಗೆ ವಾಂತಿಯಾದ ದಿನ ಬಿಟ್ರೆ ದಿನಾ ಹನ್ನೊಂದಕ್ಕೇ ಏಳ್ತಿದೀನಿ. ನೀವು ಒಂದು ಗಂಟೆಗೆ ಬರ್ತೀರ. ನಿಮ್ಮ ಹೆಜ್ಜೆ ಕೇಳಿದ ತಕ್ಷಣ ಕಣ್ಣು ಮುಚ್ಕೊಳ್ತೀನಿ.”

“ಯಾಕೆ?”

“ಬಾಗಿಲು ತೆಗೆದು ನಾನು ಮಲಗಿರೋದು ನೋಡಿದಾಗ ನೀವು ಉಸಿರು ಬಿಡ್ತೀರಲ್ಲ, ಅದಕ್ಕೆ.”

ಏಣಿಯ ಮೆಟ್ಟಿಲು ಕಬ್ಬಿಣದ್ದು, ದುಂಡಗಿನದು. ಅಂಗಾಲಿಗೆ ಒತ್ತುತ್ತದೆ. ಇಳಿದರೆ ಅವಳ ಮುಖ ಕಾಣುವುದಿಲ್ಲ, ಹತ್ತಿದರೆ ತಲೆ ಚಾವಣಿಗೆ. ನಿಂತೆ.

ಅವಳು ಹೇಳಿದಳು. ನರ್ಸಿಂಗ್ ಶಾಲೆಯ ಮುಖ್ಯಸ್ಥೆ. ಎರಡು ವರ್ಷ. ವಾರ್ಡಿಲ್ಲ, ರಾತ್ರಿ ಪಾಳಿಯಿಲ್ಲ. ಹೊಸದಾಗಿ ಬರುವವರಿಗೆ ಕಲಿಸುವುದು. ಇರಲು ಮನೆ ಕೊಡುತ್ತಾರೆ.

“ಹೌದಾ!” ಎಂದೆ, ಅಳತೆ ನೋಡಿ ಆಶ್ಚರ್ಯ ಬೆರೆಸಿ. ಆಮೇಲೆ, ಅಭ್ಯಾಸಬಲ, “ಅಲ್ಲಾದ್ರೂ ಕೆಳಗಿನ ಬರ್ತು ಕೊಡ್ತಾರಂತಾ?”

ಅವಳು ನಗಲಿಲ್ಲ. ಸಿಟ್ಟೂ ಮಾಡಲಿಲ್ಲ. “ನೀವು ತಮಾಷೆ ಮಾಡಿದಾಗಲೆಲ್ಲ ನಕ್ಕಿದೀನಿ ರೀ. ಸುಸ್ತಾಗಿದ್ದಾಗಲೂ ನಕ್ಕಿದೀನಿ. ಇವತ್ತೊಂದು ದಿನ ಬಿಡಿ. ಹೋಗ್ಲಾ ಬೇಡ್ವಾ ಅಂತ ನಾನು ಕೇಳ್ತಿಲ್ಲ. ಹೋಗ್ಬೇಕು ಅಂತ ನನಗಿದೆ. ವಾರ್ಡು ನನಗೆ ಸಾಕಾಯ್ತು. ನಾನು ಹೋದ್ರೆ ನಿಮಗೆ ಏನಾಗುತ್ತೆ, ಅದನ್ನ ಕೇಳ್ತಿದೀನಿ.”

ಒಂಬತ್ತು ಉತ್ತರಗಳಿದ್ದವು ಎಂದು ಎಲ್ಲೋ ಬರೆದಿದ್ದೆ. ಹುಡುಕಿದೆ. ನಮ್ಮ ಒಬ್ಬಳೇ ಮಗಳು ಹಾಸ್ಟೆಲಿಗೆ ಹೋದ ಮೇಲೆ ಅವಳ ಕೋಣೆಯ ಬಾಗಿಲನ್ನು ನಾನು ಮುಚ್ಚಿಯೇ ಇಡುತ್ತೇನೆ, ಧೂಳು ಬರುತ್ತದೆ ಎಂದು. ಅದು ನೆನಪಾಯಿತು. ಸಂಜೆ ಆರರ ಸುಮಾರಿಗೆ ಗೇಟಿನ ಚಿಲಕ ಅಲ್ಲಾಡುವ ಸದ್ದಿಗೆ ನಾನು ಕಾಫಿಗೆ ಹಾಲು ಇಡುವುದು ನೆನಪಾಯಿತು. ಇವು ಉತ್ತರಗಳಲ್ಲ.

“ಮನೆ ದೊಡ್ಡದಾಗುತ್ತೆ,” ಎಂದೆ.

ಅವಳು ಮೊಣಕೈ ಊರಿ ಮುಖವನ್ನು ಅಂಚಿಗೆ ತಂದಳು.

“ಈಗಾಗಲೇ ದೊಡ್ಡದಾಗಿದೆ. ಇನ್ನೂ ದೊಡ್ಡದಾಗುತ್ತೆ.” ಏಣಿಯನ್ನು ಇನ್ನೊಂದು ಕೈಯಿಂದಲೂ ಹಿಡಿದೆ. “ನೀನು ಹೋಗು. ಹೋಗ್ಬೇಡ ಅಂತ ನಾನು ಹೇಳೋದಿಲ್ಲ. ಆದರೆ ಖುಷಿಯಿಂದ ಕಳಿಸಿಕೊಡು ಅಂದ್ರೆ ಆಗಲ್ಲ ಕಣೇ.”

ಅವಳು ಕೈ ಚಾಚಿ ನನ್ನ ಹಣೆಯ ಮೇಲೆ ಅಂಗೈ ಇಟ್ಟಳು, ಜ್ವರ ನೋಡುವ ಹಾಗೆ. ತುಂಬ ಹೊತ್ತು ಇಟ್ಟಿದ್ದಳು. ಜ್ವರ ನೋಡಲು ಅಷ್ಟು ಹೊತ್ತು ಬೇಕಿಲ್ಲ.

“ಇಳೀರಿ. ಕಾಲು ನಡುಗ್ತಿದೆ ನಿಮಗೆ.”

“ಹಡಗು,” ಎಂದೆ.

“ಹಡಗು ಬೆಳಿಗ್ಗೆಯಿಂದ ನಿಂತಿದೆ ರೀ.”

ಮಾರ್ಚ್ ೧೦, ಸೋಮವಾರ

ಇಳಿದೆವು. ಏಣಿರಾಯರು ಕೊನೆಯ ಸಲ ಎರಡೂ ಹಾಸಿಗೆಗಳನ್ನು ಚಾವಣಿಯೊಳಗೆ ತಳ್ಳಿ ಕೀಲಿ ತಿರುಗಿಸಿದರು. ಮೇಲೆ ನೋಡಿದರೆ ಬರೀ ಬಿಳಿ ಹಲಗೆ. ಅಲ್ಲಿ ಯಾರೋ ಎಂಟು ದಿನ ಮಲಗಿದ್ದರು ಎಂದರೆ ನಂಬಲಾಗದು.

“ಮುಂದಿನ ಸಲ ಇಬ್ಬರೇ ಬನ್ನಿ,” ಎಂದರು ನನ್ನ ಕಿವಿಯಲ್ಲಿ. ಅಪ್ಪನ ಕೈ ಕುಲುಕಿದರು. ಅಪ್ಪ ಅವರಿಗೆ ತಮ್ಮ ಬರ್ತ್ ಪಟ್ಟಿಯನ್ನು ನೆನಪಿಗೆಂದು ಕೊಟ್ಟರು.

ತುಂಬ ಆಯಾಸ. ಮನೆಗೆ ಬಂದು ಸ್ವಂತ ಮಂಚದ ಮೇಲೆ ಬಿದ್ದರೆ ಚಾವಣಿ ಎಷ್ಟೋ ದೂರದಲ್ಲಿತ್ತು.

ಮಾರ್ಚ್ ೧೧, ಮಂಗಳವಾರ

ಬರುತ್ತೇನೆಂದು ಅವಳು ಬೆಳಿಗ್ಗೆ ಆ ಆಸ್ಪತ್ರೆಗೆ ಫೋನ್ ಮಾಡಿದಳು. ಅವರು ಕೊಡುವ ಮನೆಗೆ ಬೇಕಾದ ಸಾಮಾನಿನ ಫಾರಂ ಕೂಡ ಕಾಗದದ ಜೊತೆಯಲ್ಲೇ ಬಂದಿತ್ತಂತೆ. “ನಿಮ್ಮ ಅಕ್ಷರ ಚೆನ್ನಾಗಿದೆ, ತುಂಬಿಕೊಡಿ,” ಎಂದು ಮೇಜಿನ ಮೇಲಿಟ್ಟು ಅವಳು ಸ್ನಾನಕ್ಕೆ ಹೋದಳು. ಕುರ್ಚಿ, ಮೇಜು, ಒಲೆ. ಮಂಚ: ಒಂದು. ಅದರ ಕೆಳಗೆ, ‘ಹೆಚ್ಚುವರಿ ಹಾಸಿಗೆ ಬೇಕೆ?’

ಪೆನ್ನು ಕೆಳಗಿಟ್ಟೆ. ಅವಳು ತಲೆ ಒರೆಸಿಕೊಳ್ಳುತ್ತ ಬರುವವರೆಗೆ ಕಾದೆ.

“ಇದಕ್ಕೆ ಏನು ಬರೀಲಿ?”

ಬಗ್ಗಿ ನೋಡಿದಳು. ಅವಳ ಕೂದಲಿನಿಂದ ಎರಡು ಹನಿ ಫಾರಂ ಮೇಲೆ ಬಿದ್ದವು. “ಶನಿವಾರ ಶನಿವಾರ ಬರೋರು ನೀವು ಎಲ್ಲಿ ಮಲಗ್ತೀರ? ನೆಲದ ಮೇಲೆ ಮಲಗೋ ಹಾಗಿಲ್ಲ, ತುಳ್ಕೊಂಡು ಓಡ್ತಾರೆ. ಒಂದು ಅಂತ ಬರೀರಿ.”

ಒಂದು ಎಂದು ಬರೆದೆ. ಮೇಲಿನ ಹಾಸಿಗೆಯೋ ಕೆಳಗಿನದೋ ಎಂದು ಅವರು ಕೇಳಿರಲಿಲ್ಲ.

ಲಕೋಟೆಗೆ ಹಾಕಿ, ಕಾಲೇಜಿನಿಂದ ತಂದಿಟ್ಟಿದ್ದ ಗ್ರಂಥಾಲಯದ ಗೋಂದಿನ ಬಾಟಲಿ ತೆಗೆದು ಬಾಯಿ ಅಂಟಿಸಿದೆ. ಅವಳು ಲಕೋಟೆಯನ್ನು ಕೈಗೆ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದಳು.

“ಇದೇ ವಾಸನೆ.”

“ಯಾವುದು?”

“ಅವತ್ತು ಆಸ್ಪತ್ರೆಯಿಂದ ಕಾಗದ ಬಂತಲ್ಲ, ಅದರ ಬಾಯಿಗೂ ಇದೇ ವಾಸನೆ ಇತ್ತು. ಆ ಆಸ್ಪತ್ರೆಯೋರು ಗೋಂದು ಹಚ್ಚಲ್ಲ ರೀ, ಪಿನ್ನು ಹೊಡೀತಾರೆ. ಪಿನ್ನು ಕಿತ್ತ ಎರಡು ತೂತು ಹಾಗೇ ಇತ್ತು. ಅಷ್ಟು ಅಚ್ಚುಕಟ್ಟಾಗಿ ಮೂಲೆ ಒತ್ತಿ ಅಂಟಿಸೋರು ಈ ಮನೇಲಿ ಯಾರಿದಾರೆ?”

ಗೋಡೆ ಗಡಿಯಾರ ನೋಡಿದೆ. ಹಲ್ಲಿ ನೋಡಿದೆ. ಸಾಕ್ಷಿಗಳು ಸುಮ್ಮನಿದ್ದರು.

“ಹಾಗಾದ್ರೆ ನಾಲ್ಕು ಜನ ಹೋಗ್ತೀವಿ ಅಂದಾಗ ‘ಸರಿ’ ಅಂತ ಯಾಕೆ ಅಂದೆ?”

“ಆಪರೇಷನ್ ಹಿಂದಿನ ದಿನ ಕೆಲವರು ನೆಂಟರನ್ನೆಲ್ಲ ಕರೆಸಿ ಮಂಚದ ಸುತ್ತ ಕೂರಿಸ್ಕೊಳ್ತಾರೆ. ನಾವು ಬೈಯಲ್ಲ, ಇನ್ನೆರಡು ಕುರ್ಚಿ ಹಾಕ್ತೀವಿ.” ಲಕೋಟೆಯನ್ನು ಕೈಚೀಲಕ್ಕೆ ಹಾಕಿಕೊಂಡಳು. “ನಾನೇ ಅಂಚೆಗೆ ಹಾಕ್ತೀನಿ. ನಿಮ್ಮನ್ನ ನಂಬೋಕಾಗಲ್ಲ.”

ಆದ್ದರಿಂದ ಫೆಬ್ರವರಿ ಹದಿನಾರರ ಪುಟಕ್ಕೆ ಈ ತಿದ್ದುಪಡಿಗಳನ್ನು ಸೇರಿಸಿ ಓದತಕ್ಕದ್ದು. ‘ಪರರ ಕಾಗದವನ್ನು ಓದುವವನಲ್ಲ’ ಎಂದಿರುವಲ್ಲಿ, ಎರಡು ಸಲ ಓದಿದ, ಒಮ್ಮೆ ಕುಳಿತು, ಒಮ್ಮೆ ನಿಂತು. ‘ಹೃದಯವೈಶಾಲ್ಯ’ ಎಂದಿರುವಲ್ಲಿ, ಹೆದರಿಕೆ. ಎಂಟು ದಿನ ಅವಳೊಬ್ಬಳ ಜೊತೆ ಒಂದು ಕೋಣೆಯಲ್ಲಿದ್ದರೆ ಅವಳು ಕೇಳುತ್ತಾಳೆ, ನಾನು ಹೇಳಬೇಕಾಗುತ್ತದೆ ಎಂದು ಹೆದರಿ ಬೇಲಿ ಹಾಕಿಕೊಂಡೆ. ಹಿರಿಯರಿಗೆ ಸಮುದ್ರ ನೋಡುವ ಆಸೆಯಿತ್ತು ಎಂಬುದೂ ಸುಳ್ಳು. ಸೋದರತ್ತೆ ಎಂದೂ ಕೇಳಿರಲಿಲ್ಲ. ಅಪ್ಪನಿಗೆ ನೀರೆಂದರೆ ಭಯ. ಬರುವುದೇ ಇಲ್ಲ ಎಂದು ಹಟ ಹಿಡಿದಿದ್ದವರನ್ನು, ಬಾಗಿಲು ಹಾಕಿಕೊಂಡು, ಕಾಲು ಹಿಡಿದು ಒಪ್ಪಿಸಿದ್ದು ನಾನೇ.